ಎರಡು ಗೇಣು

ಸಾಂತಾ ರೀಟಾ
ಮಾರ್ಚ್ 6, 2015

ಮಾನ್ಯ ದೊನಾ ಜುರೇಮಾ ಅವರಿಗೆ,

ಮೊದಲ ತಿಂಗಳ ಇಪ್ಪತ್ತಮೂರು ಫಾರಂಗಳು ಈ ಲಕೋಟೆಯಲ್ಲಿವೆ. ಇಪ್ಪತ್ತಮೂರು ಮಕ್ಕಳು, ಎಲ್ಲರೂ ನಾಲ್ಕು ವರ್ಷದೊಳಗಿನವರು. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಚರ್ಚಿನ ಗಂಟೆಯ ಕಂಬ ಹತ್ತಿದರೆ ಮಾತ್ರ. ಆದ್ದರಿಂದ ಮನಾವ್ಸಿಗೆ ಬರುವ ಶುಕ್ರವಾರದ ಲಾಂಚಿನಲ್ಲಿ ಕಳಿಸುತ್ತಿದ್ದೇನೆ.

ಫಾರಂ ನೋಡುವ ಮೊದಲು ಒಂದು ವಿಷಯ. ಈ ಮನೆಭೇಟಿಯ ಕೆಲಸಕ್ಕೆ ನಾನು ಹಾಕಿದ ಅರ್ಜಿಯಲ್ಲಿ ‘ಪ್ರೌಢಶಾಲೆ ಮುಗಿಸಿದ್ದಾಳೆ’ ಎಂದು ಬರೆದಿದೆ. ಬರೆದವರು ನಮ್ಮೂರ ಮುಖಂಡ ಅಬಿಮಾಯೆಲ್. ಓದದೆ ಸಹಿ ಹಾಕಿದವಳು ನಾನು. ನಾನು ಎಂಟನೆಯ ತರಗತಿಯ ನಡುವೆ ಬಿಟ್ಟವಳು. ಶಾಲೆಯ ದೋಣಿ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಒಂದು ದಿನ ನಡುಹೊಳೆಯಲ್ಲಿ ಚೀಲ ದೋಣಿಯಲ್ಲೇ ಬಿಟ್ಟು ನೀರಿಗೆ ಹಾರಿ ಈಜಿಕೊಂಡು ಮನೆಗೆ ಬಂದೆ, ಮತ್ತೆ ಹೋಗಲಿಲ್ಲ. ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಕೂತು ಕೂತು ಸಾಕಾಗಿತ್ತು.

ಆ ಸಾಲು ತಿದ್ದಿಸೋಣ ಎಂದರೆ ಅಬಿಮಾಯೆಲ್ ನಕ್ಕರು. “ಬಿಡೇ ಹುಡುಗಿ, ಮನಾವ್ಸಿನೋರು ಅದನ್ನೆಲ್ಲ ಓದ್ತಾರಾ?” ಎಂದರು. ನೀವು ಓದುತ್ತೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಗಂಟಲಲ್ಲಿ ಮೀನಿನ ಮುಳ್ಳು ಇಟ್ಟುಕೊಂಡು ಮನೆಮನೆಗೆ ಹೋಗಿ ಮಕ್ಕಳಿಗೆ ಹಾಡು ಹೇಳಲು ನನ್ನಿಂದ ಆಗುವುದಿಲ್ಲ.

ತರಬೇತಿಯಲ್ಲಿ ನೀವು ಹೇಳಿದ್ದು ನೆನಪಿದೆ. ಹೊಳೆದಂಡೆಯ ಒಂಬತ್ತು ಊರುಗಳಲ್ಲಿ ಮೂರಕ್ಕೆ ರಾಜ್ಯದವರು ತೇಲುವ ಶಿಶುವಿಹಾರ ಕಟ್ಟಿಸಿಕೊಡುತ್ತಾರೆ, ಯಾವ ಮೂರು ಎಂಬುದು ನಮ್ಮ ಫಾರಂಗಳಿಂದ ತೀರ್ಮಾನವಾಗುತ್ತದೆ. ನಮಗೆ ಅದು ಬೇಕು. ಹೊಳೆ ಏರಿದ ಐದು ತಿಂಗಳು ಇಲ್ಲಿ ಕಾಲಿಡಲು ಮಣ್ಣಿರುವುದಿಲ್ಲ, ಎಲ್ಲರೂ ಮೀನಿಗೆ ಹೋಗಲೇಬೇಕು, ಮಕ್ಕಳನ್ನು ಬಿಡಲು ಜಾಗವಿಲ್ಲ. ನನ್ನ ಆ ಒಂದು ಸಾಲಿನಿಂದ ಊರಿನ ಶಿಶುವಿಹಾರ ತಪ್ಪುವುದಾದರೆ ಈಗಲೇ ಹೇಳಿ. ಬೇರೆಯವಳಿಗೆ ಕೆಲಸ ಬಿಟ್ಟುಕೊಡುತ್ತೇನೆ.

ನಯಾರಾ

•

ಮನಾವ್ಸ್
ಮಾರ್ಚ್ 19, 2015

ಶ್ರೀಮತಿ ನಯಾರಾ ಅವರಿಗೆ,

ಫಾರಂಗಳು ತಲುಪಿವೆ. ಅಕ್ಷರ ಸ್ಪಷ್ಟವಾಗಿದೆ. ವಿದ್ಯಾರ್ಹತೆಯ ಬಗ್ಗೆ ನೀವು ತಿಳಿಸಿದ್ದನ್ನು ಓದಿದ್ದೇನೆ. ಆ ಕಾಗದ ಸದ್ಯಕ್ಕೆ ನನ್ನ ಮೇಜಿನ ಖಾನೆಯಲ್ಲಿರುತ್ತದೆ. ನೀವು ಕೆಲಸ ಮುಂದುವರಿಸಿ.

ಎರಡು ಸೂಚನೆಗಳು. ಫಾರಂನ ಅಂಚಿನಲ್ಲಿ ಟಿಪ್ಪಣಿ ಬರೆಯಬೇಡಿ, ಕಂಪ್ಯೂಟರ್ ಅಂಚನ್ನು ಓದುವುದಿಲ್ಲ. ನಿಮ್ಮ ಅಭಿಪ್ರಾಯವೂ ಬೇಡ. ಕಂಡದ್ದನ್ನು ಕಂಡಂತೆ ಬರೆದರೆ ಸಾಕು. ನಾನು ನಗರದವಳು, ಹೊಳೆಯ ಬದುಕು ನನಗೆ ಗೊತ್ತಿಲ್ಲ. ನಿಮ್ಮ ಫಾರಂಗಳೇ ನಮ್ಮ ಕಣ್ಣು.

ಜುರೇಮಾ ತವಾರಿಸ್
ಸಂಯೋಜಕಿ, ಶಿಶು ಆರೈಕೆ ವಿಭಾಗ

•

ಸಾಂತಾ ರೀಟಾ
ಏಪ್ರಿಲ್ 24, 2015

ದೊನಾ ಜುರೇಮಾ ಅವರಿಗೆ,

ನೀರು ಮೂರನೆಯ ಮೆಟ್ಟಿಲಿಗೆ ಬಂದಿದೆ. ಈಗ ಮನೆಭೇಟಿಗೆ ಹುಟ್ಟು ಹಾಕಿಕೊಂಡೇ ಹೋಗುತ್ತೇನೆ. ಬೆಳಿಗ್ಗೆ ನಾಲ್ಕು ಮನೆ, ಮಧ್ಯಾಹ್ನ ಎರಡು. ಮೊದಲ ವಾರ ಹೆಂಗಸರು ನನ್ನನ್ನು ನೋಡಿ ನಗುತ್ತಿದ್ದರು, ಶಾಲೆಯಿಂದ ಓಡಿ ಬಂದವಳು ನಮಗೆ ಮಕ್ಕಳನ್ನು ಆಡಿಸುವುದು ಕಲಿಸುತ್ತಾಳಂತೆ ಎಂದು. ಈಗ ನನ್ನ ದೋಣಿ ಕಂಡರೆ ಮಕ್ಕಳೇ ಕೂಗಿ ಕರೆಯುತ್ತಾರೆ. ಏಳನೆಯ ಮನೆಯ ಮಗು ಒಂದೂವರೆ ವರ್ಷವಾದರೂ ಬಾಯಿ ಬಿಟ್ಟಿರಲಿಲ್ಲ. ಅದರ ತಾಯಿಗೆ, ಮೀನು ಹೆಚ್ಚುವಾಗ ಬಾಲ, ಕಣ್ಣು, ಕಿವಿರು ಎಂದು ಹೇಳಿಕೊಂಡೇ ಹೆಚ್ಚು ಎಂದಿದ್ದೆ. ಮೊನ್ನೆ ಅದು ‘ಕಣ್ಣು’ ಎಂದಿತು. ಆ ತಾಯಿ ಎರಡು ಮನೆ ದಾಟಿ ಕೇಳುವಂತೆ ನನ್ನ ಹೆಸರು ಕೂಗಿದಳು.

ಪ್ರಶ್ನೆ ಒಂಬತ್ತು, ‘ಮಗುವಿಗೆ ಮೂರು ಆಟಿಕೆಗಳಿವೆಯೇ’. ನಾಲ್ಕನೆಯ ಮನೆಯ ಮಗು ಎರಡು ಬೋಗುಣಿ ಮತ್ತು ಒಂದು ಕೋಳಿಯೊಂದಿಗೆ ಆಡುತ್ತದೆ. ಕೋಳಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ತಿಳಿಯದೆ ಆ ಜಾಗ ಖಾಲಿ ಬಿಟ್ಟಿದ್ದೇನೆ.

ಪ್ರಶ್ನೆ ಹದಿನಾಲ್ಕು, ‘ದಿನದ ಯಾವುದೇ ಹೊತ್ತಿನಲ್ಲಿ ಮಗುವನ್ನು ಕಟ್ಟಿಹಾಕುತ್ತಾರೆಯೇ’. ಹನ್ನೊಂದು ಮನೆಗಳಲ್ಲಿ ‘ಹೌದು’. ನೀರು ಏರಿದೆಯಲ್ಲ. ಅಂಚಿನಲ್ಲಿ ಏನೂ ಬರೆದಿಲ್ಲ.

ನಯಾರಾ

•

ಮನಾವ್ಸ್
ಮೇ 11, 2015

ಶ್ರೀಮತಿ ನಯಾರಾ,

ನಿಮ್ಮ ಫಾರಂಗಳಿಂದ ಇಡೀ ವಿಭಾಗದಲ್ಲಿ ಗದ್ದಲವಾಗಿದೆ. ಇಪ್ಪತ್ತಮೂರರಲ್ಲಿ ಹನ್ನೊಂದು ಮಕ್ಕಳನ್ನು ಕಟ್ಟಿಹಾಕುತ್ತಾರೆ ಎಂದು ಒಂದೇ ಸಾಲಿನಲ್ಲಿ ಬರೆದು ಕಳಿಸಿದ್ದೀರಿ. ಹದಿನಾಲ್ಕಕ್ಕೆ ‘ಹೌದು’ ಎಂದ ಪ್ರತಿ ಮನೆಗೂ ಕಂಪ್ಯೂಟರ್ ಕೆಂಪು ಗುರುತು ಹಾಕುತ್ತದೆ. ಐದು ಕೆಂಪು ದಾಟಿದ ಊರು ಶಿಶುವಿಹಾರದ ಪಟ್ಟಿಯಿಂದ ತಾನಾಗಿಯೇ ಹೊರಗೆ ಬೀಳುತ್ತದೆ. ಸಾಂತಾ ರೀಟಾ ಹೊರಗೆ ಬಿದ್ದಿದೆ. ಮಕ್ಕಳ ರಕ್ಷಣಾ ಮಂಡಳಿಯಿಂದ ಇಬ್ಬರು ಜೂನ್ ತಿಂಗಳಲ್ಲಿ ನಿಮ್ಮೂರಿಗೆ ಬರುತ್ತಾರೆ.

ನೀವು ಪ್ರಶ್ನೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡಿರಬಹುದು. ಹೊಸಬರಿಗೆ ಹಾಗಾಗುತ್ತದೆ. ಹನ್ನೊಂದು ಖಾಲಿ ಫಾರಂಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ತಪ್ಪಾಗಿದ್ದರೆ ತುಂಬಿ ಮುಂದಿನ ಲಾಂಚಿನಲ್ಲಿ ಕಳಿಸಿ. ಪಟ್ಟಿ ಜುಲೈ ಕೊನೆಗೆ ಮುಚ್ಚುತ್ತದೆ. ಇದಕ್ಕಿಂತ ಹೆಚ್ಚು ನಾನು ಕಾಗದದಲ್ಲಿ ಬರೆಯಲಾರೆ.

ಜುರೇಮಾ ತವಾರಿಸ್

•

ಸಾಂತಾ ರೀಟಾ
ಮೇ 22, 2015

ದೊನಾ ಜುರೇಮಾ ಅವರಿಗೆ,

ಹನ್ನೊಂದು ಖಾಲಿ ಫಾರಂಗಳನ್ನು ಖಾಲಿಯಾಗಿಯೇ ವಾಪಸ್ ಕಳಿಸಿದ್ದೇನೆ. ಪ್ರಶ್ನೆ ನನಗೆ ಸರಿಯಾಗಿಯೇ ಅರ್ಥವಾಗಿತ್ತು. ಪ್ರಶ್ನೆಗೆ ನಾವು ಅರ್ಥವಾಗಿಲ್ಲ.

ನಿಮ್ಮ ಕಾಗದವನ್ನು ಚರ್ಚಿನ ಜಗಲಿಯಲ್ಲಿ ಎಲ್ಲರೆದುರು ಓದಿದೆ. ಬಚ್ಚಿಡುವುದು ನನಗೆ ಬರುವುದಿಲ್ಲ. ಅಬಿಮಾಯೆಲ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. “ನಿಜ ಹೇಳು ಅಂತ ನಿನ್ನ ಯಾರೇ ಕೇಳಿದ್ರು? ಕೆಲಸ ಮಾಡು ಅಂದ್ರು, ಅಷ್ಟೇ” ಎಂದರು. ಹಿಂದಿನಿಂದ ಒಬ್ಬಳು, “ಎಂಟನೇ ಕ್ಲಾಸ್ ಬಿಟ್ಟೋಳ ಕೈಗೆ ಪೆನ್ ಕೊಟ್ರೆ ಊರೇ ಮುಳುಗುತ್ತೆ” ಎಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು, ಆಮೇಲೆ ನಗು ಹೋಯಿತು.

ನೀವು ನಗರದವರು ಎಂದಿರಿ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನಮ್ಮ ಮನೆಗಳೆಲ್ಲ ಹೊಳೆಯಲ್ಲಿ ಕಂಬ ನೆಟ್ಟು ಮೇಲೆ ಹಲಗೆ ಹಾಸಿದವು. ಅಂಬೆಗಾಲಿಡಲು ಕಲಿತ ಮಗುವಿಗೆ ಅದರ ಜ್ಞಾನತಾಯಿ, ಚರ್ಚಿನಲ್ಲಿ ಹೆಸರಿಡುವಾಗ ಅದನ್ನು ಎತ್ತಿಕೊಂಡವಳು, ಒಂದು ಹಗ್ಗ ಹೊಸೆದು ಕೊಡುತ್ತಾಳೆ. ಹಳೆಯ ಜೋಲಿಯ ಹತ್ತಿ ನೂಲು, ಚರ್ಮಕ್ಕೆ ಒರಟಾಗಬಾರದು. ಒಂದು ತುದಿ ಮಗುವಿನ ಸೊಂಟಕ್ಕೆ, ಇನ್ನೊಂದು ಮನೆಯ ನಡುಗಂಬಕ್ಕೆ. ಕಂಬದಿಂದ ಹಲಗೆಯ ಅಂಚಿನವರೆಗೆ ಅಳೆದು ಎರಡು ಗೇಣು ಕಡಿಮೆ ಮಾಡುತ್ತಾರೆ. ಮಗು ಬೋರಲು ಮಲಗಿ ಕೈ ಚಾಚಿದರೆ ಬೆರಳು ನೀರಿನ ಕಡೆಗೆ ಹೋಗಬೇಕು, ಮೂಗು ಹೋಗಬಾರದು. ನೀರನ್ನು ನೋಡಬೇಕು, ನೀರಿನ ಪರಿಚಯವಾಗಬೇಕು, ನೀರಿಗೆ ಬೀಳಬಾರದು. ಮಗು ಈಜಲು ಕಲಿತು ಪಕ್ಕದ ಮನೆಯ ಮೆಟ್ಟಿಲು ಮುಟ್ಟಿದ ದಿನ ಜ್ಞಾನತಾಯಿಯೇ ಹಗ್ಗ ಕತ್ತರಿಸಿ ಅರ್ಧ ತಾನಿಟ್ಟುಕೊಳ್ಳುತ್ತಾಳೆ, ಮನೆಯವರು ಎಲ್ಲರಿಗೂ ಕಾಫಿ ಕೊಡುತ್ತಾರೆ.

ನಮ್ಮೂರಲ್ಲಿ ಹಗ್ಗ ಕಟ್ಟದ ತಾಯಿಯನ್ನು ಬೈಯುತ್ತಾರೆ. ಈ ಹನ್ನೊಂದು ಮಕ್ಕಳು ನಡೆಯಲು ಕಲಿತಿದ್ದಾರೆ, ಈಜಲು ಕಲಿತಿಲ್ಲ. ಉಳಿದ ಹನ್ನೆರಡರಲ್ಲಿ ಕೆಲವರು ಇನ್ನೂ ಜೋಲಿಯಲ್ಲಿದ್ದಾರೆ, ಕೆಲವರ ಹಗ್ಗ ಕತ್ತರಿಸಿಯಾಗಿದೆ.

ನಂಬದಿದ್ದರೆ ಎಂದು ನನ್ನದೇ ಹಗ್ಗವನ್ನು ಈ ಕಟ್ಟಿನಲ್ಲಿ ಇಟ್ಟಿದ್ದೇನೆ. ಹೊಸೆದವರು ನನ್ನ ಜ್ಞಾನತಾಯಿ ದೊನಾ ಬೆನೆಡೀಟಾ. ಅದು ಇಡಿಯಾಗಿ ಉಳಿದಿದೆ, ಏಕೆಂದರೆ ಮೂರು ವರ್ಷಕ್ಕೇ ನಾನು ಗಂಟು ಬಿಚ್ಚಿಕೊಂಡು ಈಜಿ ಹೋಗಿದ್ದೆ. ಕತ್ತರಿಸಲು ಯಾರಿಗೂ ಅವಕಾಶ ಕೊಡಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಊರಿಗೆ ಒಳ್ಳೆಯದು. ಆದರೆ ನಿಮ್ಮ ಕಾಗದ ಬಂದ ಮೇಲೆ ನಾನು ಅಳತೆಕೋಲು ಹಿಡಿದು ಹನ್ನೊಂದೂ ಹಗ್ಗಗಳನ್ನು ಅಳೆದೆ. ಹತ್ತು ಸರಿಯಾಗಿವೆ. ಮನೆ ಸಂಖ್ಯೆ ಒಂಬತ್ತರದು ಸರಿಯಿಲ್ಲ. ನೀರು ನೆಲಕ್ಕೆ ಬಂದಾಗ ನಾವು ಮನೆಯೊಳಗೇ ಮೇಲೆ ಇನ್ನೊಂದು ಹಲಗೆಯ ನೆಲ ಹಾಕುತ್ತೇವೆ. ಆ ನೆಲ ಕೆಳಗಿನದಕ್ಕಿಂತ ಕಿರಿದು. ನೆಲ ಏರಿಸಿದ ದಿನವೇ ಹಗ್ಗ ಚಿಕ್ಕದು ಮಾಡಬೇಕು. ಒಂಬತ್ತನೆಯ ಮನೆಯಲ್ಲಿ ಮರೆತಿದ್ದಾರೆ. ಹಗ್ಗ ಅಂಚಿಗಿಂತ ಒಂದು ಗೇಣು ಉದ್ದವಿದೆ. ಎರಡು ವರ್ಷದ ಗಂಡುಮಗು. ತಾಯಿ ಬೆಳಿಗ್ಗೆ ಬಲೆಗೆ ಹೋದರೆ ಮಧ್ಯಾಹ್ನ ಬರುತ್ತಾಳೆ. ಅಷ್ಟು ಹೊತ್ತೂ ಮಗು ಒಂದೇ ಇರುತ್ತದೆ, ಕೂಗಿದರೆ ಕೇಳುವ ದೂರದಲ್ಲಿ ಯಾರೂ ಇಲ್ಲ. ಹಗ್ಗವನ್ನು ನಾನೇ ಚಿಕ್ಕದು ಮಾಡಿ ಬಂದೆ. ಆದರೆ ಒಬ್ಬಂಟಿತನವನ್ನು ಯಾವ ಗಂಟಿನಿಂದ ಚಿಕ್ಕದು ಮಾಡಲಿ?

ನಿಮ್ಮ ಪ್ರಶ್ನೆ ಹೀಗಿರಬೇಕಿತ್ತು: ಹಗ್ಗ ಎಷ್ಟು ಉದ್ದ, ನೆಲ ಏರಿಸಿದ ಮೇಲೆ ಅಳೆದಿದ್ದಾರೆಯೇ, ಕೂಗಿದರೆ ಯಾರು ಬರುತ್ತಾರೆ. ಹಾಗೆ ಕೇಳಿದ್ದರೆ ಹತ್ತು ಮನೆ ಬಿಳಿ, ಒಂದು ಮನೆ ಕೆಂಪು. ಆ ಕೆಂಪು ನಿಜವಾದ ಕೆಂಪು. ಶಿಶುವಿಹಾರ ಬೇಕಿರುವುದೇ ಅಂಥ ಮನೆಗೆ. ಆ ಮನೆಯ ಕಾರಣಕ್ಕೇ ಅದನ್ನು ಕಿತ್ತುಕೊಳ್ಳುತ್ತೀರಾ?

ಇದು ಅಭಿಪ್ರಾಯ. ಬೇಡ ಎಂದಿದ್ದಿರಿ. ಬರೆದಾಯಿತು.

ನಯಾರಾ

•

ಸಾಂತಾ ರೀಟಾ
ಜುಲೈ 3, 2015

ದೊನಾ ಜುರೇಮಾ ಅವರಿಗೆ,

ಆರು ಶುಕ್ರವಾರ ಲಾಂಚು ಬಂತು. ನಿಮ್ಮ ಕಾಗದ ಬರಲಿಲ್ಲ. ಪ್ರತಿ ಸಲವೂ ಹೆಂಗಸರು ಕಟ್ಟೆಯ ಮೇಲೆ ನಿಂತು ನನ್ನ ಕೈ ನೋಡುತ್ತಾರೆ.

ಮಂಡಳಿಯವರು ಬಂದು ಎರಡು ದಿನ ಇದ್ದು ಹೋದರು. ಒಳ್ಳೆಯ ಜನ, ಕೊಟ್ಟದ್ದು ತಿಂದರು, ಎಲ್ಲ ಮನೆಗೂ ನನ್ನ ದೋಣಿಯಲ್ಲೇ ಬಂದರು, ಏನು ಬರೆದುಕೊಂಡರೋ ಹೇಳಲಿಲ್ಲ. ಒಂಬತ್ತನೆಯ ಮನೆಯಲ್ಲಿ ಹೆಚ್ಚು ಹೊತ್ತು ಕೂತರು.

ಆ ಮನೆಯ ಬಗ್ಗೆ ಬರೆದಾಗ ನಿಮಗೆ ಒಂದು ಮಾತು ಹೇಳಿರಲಿಲ್ಲ. ಅದು ನನ್ನ ಅಕ್ಕ ಲೆನೀಸಿಯ ಮನೆ, ನಾನೂ ಅಲ್ಲೇ ಇದ್ದೆ. ಆ ಮಗು ಕವಾಂ, ನನ್ನ ಅಕ್ಕನ ಮಗ. ಸಂಖ್ಯೆ ಬರೆದು ಹೆಸರು ಬಿಟ್ಟೆ. ಸುಳ್ಳು ಹೇಳಲಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ, ಆದರೆ ಹೇಳದೆ ಬಿಡುವುದೂ ಅದರ ತಂಗಿಯೇ. ಅವಳ ಗಂಡ ಎರಡು ವರ್ಷದಿಂದ ಮೇಲಿನ ಹೊಳೆಯಲ್ಲಿದ್ದಾನೆ, ಬಂದಿಲ್ಲ. ಬಲೆ ಹಾಕುವವಳು ಅವಳೊಬ್ಬಳೇ. ನಾನು ಬೆಳಿಗ್ಗೆಯೆಲ್ಲ ಊರ ಮಕ್ಕಳನ್ನು ಆಡಿಸಲು ಹೋಗುತ್ತೇನೆ, ನನ್ನ ಅಕ್ಕನ ಮಗು ಒಂದೇ ಇರುತ್ತದೆ. ಇದನ್ನೂ ಬರೆದುಕೊಳ್ಳಿ.

ಮಂಡಳಿಯವರು ಹೋದ ಮೇಲೆ ಲೆನೀಸಿ ನನ್ನ ಬಟ್ಟೆಯ ಗಂಟನ್ನು ನನ್ನ ದೋಣಿಯಲ್ಲಿ ಇಟ್ಟಳು. “ಮನಾವ್ಸಿಗೆ ಬರ್ಕೊಡೋಕೆ ನಿಂಗೆ ನನ್ನ ಮನೇನೇ ಬೇಕಿತ್ತಾ? ಹೋಗು, ನಿನ್ನ ಫಾರಂ ಜೊತೆ ಸಂಸಾರ ಮಾಡು” ಎಂದಳು. ಈಗ ದೊನಾ ಬೆನೆಡೀಟಾ ಅವರ ಮನೆಯಲ್ಲಿದ್ದೇನೆ. ಬೆಳಗಿನ ಹೊತ್ತು ಅವರು ಕವಾಂ ಬಳಿ ಹೋಗಿ ಕೂರುತ್ತಾರೆ. ಅವರಿಗೆ ಎಪ್ಪತ್ತೆಂಟು ವರ್ಷ. ಎಷ್ಟು ದಿನ ಹುಟ್ಟು ಹಾಕಿಯಾರು?

ಪಟ್ಟಿ ಈ ತಿಂಗಳ ಕೊನೆಗೆ ಮುಚ್ಚುತ್ತದೆ ಎಂದಿದ್ದಿರಿ.

ನಯಾರಾ

•

ಮನಾವ್ಸ್
ಆಗಸ್ಟ್ 5, 2015

ನಯಾರಾ,

ಈ ಕಾಗದವನ್ನು ಕಚೇರಿಯಲ್ಲಿ ಬರೆಯುತ್ತಿಲ್ಲ, ಮನೆಯ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ತಡವಾಯಿತು. ಕೆಲಸದ ಒತ್ತಡ ಎಂದು ಬರೆಯಬಹುದಿತ್ತು. ನಿನಗೆ ಹಾಗೆ ಬರೆಯಲು ನಾಚಿಕೆಯಾಯಿತು.

ನಾನು ನಗರದವಳಲ್ಲ. ನಿಮ್ಮೂರಿಂದ ಕೆಳಗೆ ಒಂದು ದಿನದ ದಾರಿಯಲ್ಲಿ, ಹೊಳೆಯ ಮೇಲೆ ಕಂಬ ನೆಟ್ಟ ಮನೆಯಲ್ಲಿ ಹುಟ್ಟಿದವಳು. ಮೂರೂವರೆ ವರ್ಷ ಹಗ್ಗದ ತುದಿಯಲ್ಲಿ ಬೆಳೆದೆ. ಒಂಬತ್ತು ವರ್ಷಕ್ಕೆ ಮನಾವ್ಸಿಗೆ ಬಂದೆ. ಶಾಲೆಯಲ್ಲಿ ನನ್ನ ಮಾತಿಗೆ ನಕ್ಕರು, ಆವತ್ತಿನಿಂದ ನಾನು ಯಾವ ಹೊಳೆಯನ್ನೂ ಕಂಡವಳಲ್ಲ ಎಂಬಂತೆ ಇದ್ದುಬಿಟ್ಟೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಚೇರಿಯ ಒಬ್ಬರಿಗೂ ಗೊತ್ತಿಲ್ಲ. ಪ್ರಶ್ನೆ ಹದಿನಾಲ್ಕನ್ನು ಬರೆದಾಗ ನಾನು ಅದೇ ಮೇಜಿನಲ್ಲಿದ್ದೆ. ಬರೆದವರು ಕೆಟ್ಟವರಲ್ಲ, ಕತ್ತಲೆಕೋಣೆಯಲ್ಲಿ ಮಂಚಕ್ಕೆ ಕಟ್ಟಿದ ಮಕ್ಕಳನ್ನು ನಗರದಲ್ಲಿ ಕಂಡವರು. ಹೊಳೆಯ ಹಗ್ಗದ ಬಗ್ಗೆ ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಆಮೇಲೆ ಹನ್ನೊಂದು ಖಾಲಿ ಫಾರಂ ಕಳಿಸಿ, ನಿನ್ನ ಕೈಯಲ್ಲೂ ಅದನ್ನೇ ಮಾಡಿಸಲು ನೋಡಿದೆ.

ನಿನ್ನ ಹಗ್ಗದ ಕಟ್ಟು ಬಂದ ದಿನ ಅದನ್ನು ಮೂಸಿ ನೋಡಿದೆ. ಹೊಗೆ, ಮೀನು, ಹತ್ತಿ. ಮತ್ತೆ ಕಟ್ಟಿ ಬೀರುವಿನಲ್ಲಿಟ್ಟೆ. ಆರು ವಾರ ಅಲ್ಲೇ ಇತ್ತು. ಜುಲೈನಲ್ಲಿ ನಿನ್ನ ಮುಂದಿನ ಕಾಗದ ಬಂತು. ನಿನ್ನ ಅಕ್ಕನ ಹೆಸರು ಓದಿದೆ. ಮರುದಿನ ಹಗ್ಗವನ್ನು ಚೀಲದಲ್ಲಿ ಹಾಕಿಕೊಂಡು ಆಯ್ಕೆಯ ಸಭೆಗೆ ಹೋದೆ.

ನಮ್ಮ ನಿರ್ದೇಶಕರು ಎತ್ತರದ ಮನುಷ್ಯ. ದಯವಿಟ್ಟು ಎದ್ದು ನಿಲ್ಲಿ ಎಂದೆ. ಹಗ್ಗದ ಒಂದು ತುದಿ ಮೇಜಿನ ಕಾಲಿಗೆ, ಇನ್ನೊಂದು ಅವರ ಸೊಂಟಕ್ಕೆ ಕಟ್ಟಿ, ಕಿಟಕಿಗೆ ನಡೆಯಿರಿ ಎಂದೆ. ಮೇಜನ್ನು ಎಲ್ಲಿಡಬೇಕೆಂದು ಬೆಳಿಗ್ಗೆಯೇ ಅಳೆದಿಟ್ಟಿದ್ದೆ. ಕಿಟಕಿಗೆ ಎರಡು ಗೇಣು ಇರುವಾಗ ಅವರು ನಿಂತರು. ಕೈ ಚಾಚಿದರೆ ಗಾಜು ಸಿಕ್ಕಿತು. ಬಾಗಿದರೂ ಹಣೆ ತಗುಲಲಿಲ್ಲ. ಯಾರೂ ನಗಲಿಲ್ಲ.

“ಇದಕ್ಕೆಲ್ಲ ಒಂದು ಅಳತೆ ಅಂತ ಇದೆಯಾ?” ಎಂದು ಕೇಳಿದರು.

“ಆ ಅಳತೆ ಇದ್ದದ್ದಕ್ಕೇ ನಾನು ಬದುಕಿ ಇಲ್ಲಿ ನಿಂತಿದ್ದೀನಿ ಸರ್,” ಎಂದೆ.

ಆಮೇಲೆ ಉಳಿದ ಎಂಟು ಊರುಗಳ ಫಾರಂಗಳನ್ನು ಮೇಜಿನ ಮೇಲೆ ಹರಡಿದೆ. ಪ್ರಶ್ನೆ ಹದಿನಾಲ್ಕಕ್ಕೆ ಒಂದೇ ಒಂದು ‘ಹೌದು’ ಇಲ್ಲ. ಎಂಟು ಊರು, ನೂರಾ ಎಂಬತ್ತು ಮಕ್ಕಳು, ಈ ವರ್ಷದ ನೆರೆ, ಒಂದೂ ಹಗ್ಗವಿಲ್ಲ. ಅಲ್ಲಿ ಹೊಳೆ ಏರಲಿಲ್ಲವೇ ಎಂದು ಕೇಳಿದೆ. ಎಲ್ಲರೂ ಕಾಗದ ತಿರುವಿ ಹಾಕಿದರು. ನಮಗೆ ಬಂದ ನೂರೆಂಬತ್ತು ಬಿಳಿ ಫಾರಂಗಳಿಂದ ನಾವು ಒಂದು ಮಗುವಿನ ವಿಷಯವನ್ನೂ ತಿಳಿದಿರಲಿಲ್ಲ. ಸಾಂತಾ ರೀಟಾದ ಹನ್ನೊಂದರಿಂದ ತಿಳಿದೆವು. ಮಂಡಳಿಯವರ ವರದಿಯೂ ಅದನ್ನೇ ಹೇಳಿತು, ಗೇಣು ಸಮೇತ.

ಈಗ ಸುದ್ದಿ. ಪ್ರಶ್ನೆ ಹದಿನಾಲ್ಕು ಹೋಯಿತು. ಅದರ ಜಾಗದಲ್ಲಿ ಮೂರು ಪ್ರಶ್ನೆಗಳು ಬಂದಿವೆ, ನೀನು ಬರೆದ ಕ್ರಮದಲ್ಲೇ, ಹೆಚ್ಚುಕಡಿಮೆ ನಿನ್ನದೇ ಮಾತಿನಲ್ಲಿ. ಜನವರಿಯಿಂದ ರಾಜ್ಯದ ಎಲ್ಲ ಹೊಳೆಯೂರುಗಳಲ್ಲಿ ಅದೇ ಫಾರಂ. ಕೆಂಪು ಗುರುತಿನ ಅರ್ಥವೂ ಬದಲಾಗಿದೆ. ಕೆಂಪು ಇರುವ ಊರಿಗೆ ಮೊದಲು ಕೊಡಬೇಕು. ಸಾಂತಾ ರೀಟಾ ಮೂರರಲ್ಲಿ ಒಂದು. ಮೊದಲನೆಯದು. ನಿನ್ನ ಅಕ್ಕನಿಗೆ ಹೇಳು, ನಿಮ್ಮೂರನ್ನು ಪಟ್ಟಿಗೆ ತಂದದ್ದು ಒಂಬತ್ತನೆಯ ಮನೆ.

ಇನ್ನೊಂದು ವಿಷಯ ನಿನಗೆ ಇಷ್ಟವಾಗಲಿಕ್ಕಿಲ್ಲ. ನಿನ್ನ ಅರ್ಜಿಯ ಕಾಗದವನ್ನೂ ಖಾನೆಯಿಂದ ತೆಗೆದು ಅದೇ ಸಭೆಯಲ್ಲಿ ಇಟ್ಟೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ. ನೀನು ಕೆಲಸದಲ್ಲಿ ಇರಬಹುದು, ಆದರೆ ಎರಡು ವರ್ಷದೊಳಗೆ ಎಂಟನೆಯ ತರಗತಿ ಮುಗಿಸಬೇಕು. ಡಿಸೆಂಬರಿನಲ್ಲಿ ನೀನು ಇಲ್ಲಿಗೆ ಬಂದು ಉಳಿದ ಎಂಟು ಊರಿನ ಹುಡುಗಿಯರಿಗೆ ಹಗ್ಗ ಅಳೆಯುವುದನ್ನು ಕಲಿಸಬೇಕು.

ಹಗ್ಗವನ್ನು ವಾಪಸ್ ಕಳಿಸಬೇಕೇ? ಕಳಿಸಲು ಮನಸ್ಸಿಲ್ಲ.

ಜುರೇಮಾ

•

ಸಾಂತಾ ರೀಟಾ
ಫೆಬ್ರವರಿ 19, 2016

ಪ್ರೀತಿಯ ದೊನಾ ಜುರೇಮಾ,

ಡಿಸೆಂಬರಿನಲ್ಲಿ ನಿಮ್ಮ ಅಡುಗೆಮನೆಯಲ್ಲಿ ಕೂತು ಮಾತಾಡಿದ ಮೇಲೆ ಕಾಗದ ಬರೆಯುವುದು ಸುಲಭವಾಗಿದೆ. ಆ ಎಂಟು ಹುಡುಗಿಯರಲ್ಲಿ ಮೂವರು ನನಗೆ ಬರೆದಿದ್ದಾರೆ. ಅಳೆಯಲು ಹೋದಲ್ಲೆಲ್ಲ ಅಜ್ಜಿಯರು ಅವರ ಕೈಯಿಂದ ಕೋಲು ಕಿತ್ತುಕೊಂಡು ತಾವೇ ಗೇಣು ಹಾಕಿ ತೋರಿಸುತ್ತಿದ್ದಾರಂತೆ.

ಶಿಶುವಿಹಾರ ಬಂತು. ಭಾನುವಾರ ಬೆಳಿಗ್ಗೆ ಎರಡು ಎಳೆದೋಣಿಗಳು ಅದನ್ನು ತಿರುವಿನಿಂದ ಎಳೆದುಕೊಂಡು ಬಂದವು. ಹಳದಿ ಗೋಡೆ, ನೀಲಿ ಛಾವಣಿ, ಸುತ್ತಲೂ ಎದೆಯೆತ್ತರದ ಕಟಕಟೆ. ಊರಿನ ಎಲ್ಲ ದೋಣಿಗಳೂ ಎದುರು ಹೋದವು. ಅಬಿಮಾಯೆಲ್ ಮುಂದಿನ ದೋಣಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಎಳೆದೋಣಿಯವನಿಗೆ, “ನಮ್ಮ ಹುಡುಗಿ ಬರೆದು ತರಿಸಿದ್ದು. ಎಂಟನೇ ಕ್ಲಾಸೂ ಮುಗ್ಸಿಲ್ಲ, ಗೊತ್ತಾ?” ಎಂದು ಕೂಗಿ ಹೇಳಿದರು. ಪೆನ್ನು ಕೊಟ್ಟರೆ ಊರು ಮುಳುಗುತ್ತದೆ ಎಂದಿದ್ದವಳು ನನ್ನ ತಲೆಗೊಂದು ಮೊಟಕಿ, “ಮುಳುಗಲಿಲ್ಲ ಕಣೇ, ತೇಲ್ತು” ಎಂದಳು.

ಬಾಗಿಲ ಪಕ್ಕದ ಗೋಡೆಗೆ ನೀವು ಹೇಳಿ ಹೊಡೆಸಿದ ಮೊಳೆಗಳನ್ನು ನೋಡಿದೆವು. ಇಪ್ಪತ್ತನಾಲ್ಕು, ಪ್ರತಿಯೊಂದರ ಕೆಳಗೆ ಹೆಸರು ಬರೆಯಲು ಒಂದು ಚೀಟಿ. ಅವು ಚೀಲ ನೇತುಹಾಕಲು ಎಂದು ಕೆಲವರು ಹೇಳಿದರು. ದೊನಾ ಬೆನೆಡೀಟಾ ಒಬ್ಬರೇ ಕೂಡಲೇ ತಿಳಿದುಕೊಂಡರು. ಸೋಮವಾರ ಬೆಳಿಗ್ಗೆ ತಾಯಂದಿರು ಒಬ್ಬೊಬ್ಬರಾಗಿ ಬಂದು ಮಗುವಿನ ಸೊಂಟದಿಂದ ಹಗ್ಗ ಬಿಚ್ಚಿ, ಸುತ್ತಿ, ಮೊಳೆಗೆ ಹಾಕಿ ಬಲೆಗೆ ಹೋದರು. ಕೆಲವರು ಬಿಚ್ಚುವಾಗ ಬಹಳ ಹೊತ್ತು ಗಂಟು ಸಿಗದವರಂತೆ ನಿಂತಿದ್ದರು.

ಲೆನೀಸಿ ಕೊನೆಗೆ ಬಂದಳು. ಆಗಸ್ಟಿನಲ್ಲಿ ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿದ್ದೆ. ಕೇಳಿಸಿಕೊಂಡಿದ್ದಳು, ಮಾತಾಡಿರಲಿಲ್ಲ. ಆರು ತಿಂಗಳು ಮಾತಾಡಿರಲಿಲ್ಲ. ಕವಾಂನನ್ನು ಇಳಿಸಿ, ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟಳು.

“ಸಿಟ್ಟು ಇಳಿದಿಲ್ಲ,” ಎಂದಳು. “ಈ ಸಲ ನೀರು ಬೇಗ ಬಂತಲ್ಲ, ನಿನ್ನೆ ನೆಲ ಏರಿಸ್ದೆ. ಗಂಟು ಬದಲಾಯಿಸಿದ್ದೀನಿ. ಎರಡು ಗೇಣು ಸರಿ ಇದ್ಯಾ ನೋಡು.”

ಸಂಜೆ ಅವಳ ಮನೆಗೆ ಹೋಗಿ ಅಳೆದೆ. ಸರಿಯಾಗಿತ್ತು. ಸರಿಯಾಗಿದೆ ಎಂದು ಹೇಳಿದೆ. ನಾನು ಹೇಳಿದರೆ ಅದು ನಿಜ ಎಂದು ಅವಳಿಗೆ ಗೊತ್ತು, ಊರಿಗೆಲ್ಲ ಗೊತ್ತು. ಅವಳು ತಟ್ಟೆಗೆ ಮೀನು ಹಾಕಿ ನನ್ನ ಮುಂದೆ ಇಟ್ಟಳು.

ಹಗ್ಗ ನಿಮ್ಮ ಬಳಿಯೇ ಇರಲಿ. ದೊನಾ ಬೆನೆಡೀಟಾ ಹೇಳಿ ಕಳಿಸಿದ ಮಾತನ್ನು ಹಾಗೇ ಬರೆಯುತ್ತೇನೆ: “ಗಾಜಿನ ಚೌಕಟ್ಟಿಗೆ ಹಾಕಬೇಡ ಅನ್ನು ಆ ಹುಡುಗಿಗೆ. ಹೊಸ ಸಾಹೇಬ್ರು ಬಂದಾಗೆಲ್ಲ ಸೊಂಟಕ್ಕೆ ಕಟ್ಟು ಅನ್ನು.” ಆ ಹುಡುಗಿ ಎಂದರೆ ನೀವು. ನೀವು ಯಾವ ಮನೆಯವರು ಎಂದು ನಾನು ಹೇಳಿದ ಮೇಲೆ ಅವರಿಗೆ ನಿಮ್ಮ ತಾಯಿಯ ನೆನಪಾಯಿತು. ಒಮ್ಮೆ ಬನ್ನಿ. ನಿಮ್ಮ ಅರ್ಧ ಹಗ್ಗವನ್ನು ಯಾರು ಇಟ್ಟುಕೊಂಡಿರಬಹುದು ಎಂದು ಅವರಿಗೆ ಗೊತ್ತಂತೆ.

ಶಾಲೆಯ ವಿಷಯ. ಸೋಮವಾರದಿಂದ ಶುರು. ಅದೇ ದೋಣಿ, ಅದೇ ಎರಡು ಗಂಟೆ, ವಾರಕ್ಕೆ ಎರಡು ದಿನ. ಪಕ್ಕದಲ್ಲಿ ಹದಿಮೂರು ವರ್ಷದ ಮಕ್ಕಳು ಕೂರುತ್ತಾರೆ, ಈಗಲೇ ನಗುತ್ತಿದ್ದಾರೆ. ಈ ಸಲ ನಡುಹೊಳೆಯಲ್ಲಿ ಹಾರುವುದಿಲ್ಲ ಎಂದು ನಿಮಗೆ ಮಾತು ಕೊಡಲಾರೆ. ಹಾರಿದರೆ, ಮೈ ಒರೆಸಿಕೊಳ್ಳುವ ಮೊದಲೇ ನಿಮಗೆ ಬರೆದು ತಿಳಿಸುತ್ತೇನೆ.

ನಿಮ್ಮ
ನಯಾರಾ
ಮನೆಭೇಟಿ, ಸಾಂತಾ ರೀಟಾ. ಎಂಟನೆಯ ತರಗತಿ, ಅಪೂರ್ಣ.